ಗೋಣಿಚೀಲದ ಮರಿಗಳು

ಕಾಂಡಕೊರಕ, ಕೊಳೆರೋಗಗಳಿಗೆ ಮೀಸಲಾದ ಈ ಪುಟಗಳಲ್ಲಿ ನಾಯಿಯ ವಿಷಯಕ್ಕೆ ಜಾಗವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಆದರೆ ನಾಯಿಯಿಲ್ಲದ ತೋಟ ನಮ್ಮಲ್ಲಿ ಯಾವುದಿದೆ? ಕಣದ ಕಾಫಿಗೂ ಅಂಗಳದ ಅಡಿಕೆಗೂ ಅದೇ ಕಾವಲು. ಅದರ ಸಂತತಿ ಏನಾಗುತ್ತದೆಂಬುದೂ ಬೆಳೆಗಾರನ ವಿಚಾರವೇ ಎಂದು ನಾವು ಭಾವಿಸಿದ್ದೇವೆ.

ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಹೆಣ್ಣುನಾಯಿ ಐದಾರು ಮರಿ ಹಾಕುತ್ತದೆ. ಗಂಡುಮರಿಗಳನ್ನು ನೆಂಟರಿಷ್ಟರು ಕೇಳಿ ಒಯ್ಯುತ್ತಾರೆ. ಉಳಿದವು ಒಂದು ಸಂಜೆ ಗೋಣಿಚೀಲ ಸೇರಿ, ಜೀಪಿನಲ್ಲಿ ಘಾಟಿಯ ತಿರುವಿಗೋ ಪೇಟೆಯ ಮೀನುಮಾರುಕಟ್ಟೆಗೋ ತಲುಪುತ್ತವೆ. ಕೊಲ್ಲಲಿಲ್ಲವಲ್ಲ, ಎಲ್ಲೋ ಬದುಕಿಕೊಳ್ಳುತ್ತವೆ ಎಂಬ ಸಮಾಧಾನ ಬೇರೆ. ಅನೇಕ ಮರಿಗಳು ಬದುಕುವುದಿಲ್ಲ. ಬದುಕಿದ ಹೆಣ್ಣುಮರಿ ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಬೆದೆಗೆ ಬರುತ್ತದೆ; ಗಬ್ಬ ಕಟ್ಟಿದ ಸುಮಾರು 63 ದಿನಕ್ಕೆ ಪೇಟೆಯಲ್ಲಿ ಇನ್ನೊಂದು ಸೂಲು. ದಯೆಯುಳ್ಳ ಒಬ್ಬಿಬ್ಬರು ಇಂಥ ಮರಿಗಳನ್ನು ಎತ್ತಿ ತಂದು ಸಾಕುತ್ತಾರೆ, ನಿಜ. ಆ ವಿಷಯ ತಿಳಿದ ಮೇಲೆ ಗೋಣಿಚೀಲಗಳು ಅವರ ಗೇಟಿನ ಬಳಿಯೇ ಬೀಳತೊಡಗುತ್ತವೆ. ಶಾಲೆಯ ದಾರಿಯಲ್ಲಿ ನಾಯಿಗಳ ಕಾಟವೆಂದು ಪಂಚಾಯಿತಿಗೆ ಅರ್ಜಿ ಬರೆಯುವವರು, ಆ ನಾಯಿಗಳ ಅಜ್ಜಿ ಯಾರ ತೋಟದ್ದೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಇದು ಬರೀ ಕಾಟದ ಮಾತಲ್ಲ. ಹುಚ್ಚುನಾಯಿ ರೋಗದಿಂದ ಪ್ರಪಂಚದಲ್ಲಿ ಆಗುವ ಸಾವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ದೇಶದಲ್ಲೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ. ಆದರೆ ಲಸಿಕೆ ಕಾಣದ ಮರಿಗಳು ಸೂಲಿನ ಮೇಲೆ ಸೂಲು ಬಂದು ಸೇರುತ್ತಿದ್ದರೆ ಈ ಲೆಕ್ಕ ಎಂದೂ ನಿಲ್ಲದು.

ಎಲ್ಲವನ್ನೂ ಕೊಂದುಬಿಡಿ ಎನ್ನುವವರೂ ನಮ್ಮ ನಡುವೆ ಇದ್ದಾರೆ. ಮದರಾಸು ನಗರದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಾಯಿಗಳನ್ನು ಕೊಂದು ನೋಡಿದರು. ತಿಪ್ಪೆ ಇರುವವರೆಗೆ ಖಾಲಿಯಾದ ಜಾಗಕ್ಕೆ ಬೇರೆ ನಾಯಿ ಬಂದೇ ಬಂತು. ಕೊನೆಗೆ 1996ರಲ್ಲಿ ಅಲ್ಲಿನ ಕಾರ್ಪೊರೇಷನ್ ಸಂತಾನಹರಣದ ಹಾದಿ ಹಿಡಿಯಿತು. 2023ರ ಕೇಂದ್ರ ನಿಯಮಗಳ ಪ್ರಕಾರ ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕುನಾಯಿಯ ಲಸಿಕೆ, ಸಂತಾನಹರಣಗಳ ಹೊಣೆ ಮಾಲೀಕನದು.

ಶಸ್ತ್ರಚಿಕಿತ್ಸೆ ಹೆಣ್ಣಿಗೇ ಮೊದಲು ಆಗಬೇಕು. ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಉಳಿದ ಒಂದೇ ಸಾಕು, ಊರಿನ ಹೆಣ್ಣುಗಳೆಲ್ಲ ಮರಿ ಹಾಕಲು. ಒಂದು ಸೂಲಾದರೂ ಆಗಲಿ, ಆಮೇಲೆ ನೋಡೋಣ ಎನ್ನುವುದರಲ್ಲಿ ಹುರುಳಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮುಂದೆ ಕೆಚ್ಚಲಿನಲ್ಲಿ ಗಡ್ಡೆಯಾಗುವ ಸಂಭವ ಬಹಳ ಕಡಿಮೆ. ವಯಸ್ಸಾದ ಹೆಣ್ಣುನಾಯಿಗಳನ್ನು ಕೊಲ್ಲುವ ಗರ್ಭಕೋಶದ ಕೀವಿನ ರೋಗದ ಭಯವೂ ತಪ್ಪುತ್ತದೆ. ಕಾವಲು ಕಡಿಮೆಯಾಗುತ್ತದೆಂಬ ಅಂಜಿಕೆಯೂ ಬೇಡ. ಮೈ ಬಂದರೆ ಅನ್ನ ಕಡಿಮೆ ಮಾಡಬೇಕು, ಅಷ್ಟೆ.

ಶಸ್ತ್ರಚಿಕಿತ್ಸೆ ಆಗುವವರೆಗೆ ಬೆದೆಯ ನಾಯಿಯನ್ನು ಕೂಡಿಹಾಕಲೇಬೇಕು. ಇಲ್ಲಿ ಅನೇಕರು ಎಡವುತ್ತಾರೆ. ರಕ್ತಸ್ರಾವ ಕಡಿಮೆಯಾಯಿತೆಂದು ಎಂಟು-ಹತ್ತು ದಿನಕ್ಕೆ ಬಿಟ್ಟುಬಿಡುತ್ತಾರೆ. ಗಬ್ಬ ಕಟ್ಟುವುದು ಸಾಮಾನ್ಯವಾಗಿ ಆ ದಿನಗಳಲ್ಲೇ. ಪೂರ್ತಿ ಮೂರು ವಾರ ಬಾಗಿಲು ಭದ್ರವಾಗಿರಬೇಕು. ತಂತಿಬೇಲಿಯನ್ನು ನಂಬಬೇಡಿ.

ರೊಬಸ್ಟಾ ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮೊದಲಿನ ದಿನಗಳೇ ಈ ಕೆಲಸಕ್ಕೆ ಪ್ರಶಸ್ತ. ಹೊಲಿಗೆಯ ಗಾಯ ಹತ್ತು ದಿನ ಒಣಗಿರಬೇಕು. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳುವಾಗುವುದು ನಮಗೆ ಹೊಸದೇನಲ್ಲ. ಹಿಂದಿನ ರಾತ್ರಿಯಿಂದ ನಾಯಿಗೆ ಏನೂ ಹಾಕಬಾರದು, ಕಟ್ಟಿಯೇ ಇಡಬೇಕು. ಬಿಟ್ಟರೆ ಅದು ಹಲಸಿನ ಮರದ ಬುಡದಲ್ಲಿ ಊಟ ಮುಗಿಸಿಕೊಂಡೇ ಆಸ್ಪತ್ರೆಗೆ ಬಂದೀತು.

ಇನ್ನು ಲೈನ್ ಮನೆಗಳ ನಾಯಿಗಳು. ಕೊಯ್ಲಿಗೆ ಬಂದ ಕೂಲಿಗಳು ಸಾಕಿಕೊಂಡ ನಾಯಿಗಳು ಅವರು ಊರಿಗೆ ಹೊರಟ ಮೇಲೆ ಇಲ್ಲೇ ಉಳಿದು, ಹಸಿದು, ಗುಂಪುಗಟ್ಟಿ ಕರುವನ್ನೂ ಕಾಡುಕುರಿಯನ್ನೂ ಅಟ್ಟುತ್ತವೆ. ಅವುಗಳ ಬೆನ್ನಿಗೆ ಚಿರತೆ ಲೈನಿನವರೆಗೂ ಬರುತ್ತದೆ. ಅವು ನಮ್ಮವಲ್ಲ ಎನ್ನುವ ಮಾಲೀಕರೊಂದಿಗೆ ನಮಗೆ ಸಮ್ಮತಿಯಿಲ್ಲ. ದಿನಗೂಲಿಯವನು ಈ ಖರ್ಚು ಹೊರಲಾರ. ತೋಟದ ಲೆಕ್ಕಕ್ಕೇ ಅದನ್ನು ಬರೆಯಬೇಕು. ಒಂದು ಮೂಟೆ ಗೊಬ್ಬರಕ್ಕೆ ಮೀನಮೇಷ ಎಣಿಸದವರು ಇದಕ್ಕೆ ಎಣಿಸಬಾರದು.

ಸಂಘದ ಕಚೇರಿಯ ಗೊಬ್ಬರದ ಕೌಂಟರಿನಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಹೆಣ್ಣುನಾಯಿಗಳ ಸಂಖ್ಯೆ, ಅಂದಾಜು ವಯಸ್ಸು, ಕಡೆಯ ಬೆದೆಯ ತಿಂಗಳು, ಇಷ್ಟನ್ನು ಸದಸ್ಯರು ಬರೆಸಬೇಕು. ಲೈನಿನ ನಾಯಿಗಳನ್ನು ಪ್ರತ್ಯೇಕವಾಗಿ ಬರೆಸುವುದು. ಹೆಸರುಗಳು ಸಾಕಷ್ಟು ಸೇರಿದ ಮೇಲೆ ಪಶುವೈದ್ಯರೊಂದಿಗೆ ಮಾತನಾಡಿ ದಿನ ಗೊತ್ತುಮಾಡುತ್ತೇವೆ. ಜೀಪಿಲ್ಲದವರು ಅದನ್ನೂ ಅಲ್ಲೇ ಬರೆಸಲಿ.