ಬಿಡಲಿಕ್ಕೂ ಮೊದಲು ಚಪ್ಪಲಿ ಇರಬೇಕು

ಕಳೆದ ಸಂಚಿಕೆಯಲ್ಲಿ ಬರಿಗಾಲಿನ ಸುಖ ಕೊಂಡಾಡಿದ ಲೇಖನ ಓದಿದೆ. ಆ ಹಿತ ಸುಳ್ಳಲ್ಲ. ಮುಂಗಾರಿನಲ್ಲಿ ಆಳಂದದ ಎರೆಹೊಲಕ್ಕೆ ಇಳಿದರೆ ಚಪ್ಪಲಿ ತಾನಾಗಿಯೇ ಕೈಗೆ ಬರುತ್ತದೆ. ಜಿಗುಟು ಮಣ್ಣು ಮೆತ್ತಿ ಹೆಜ್ಜೆ ಎತ್ತಲಾಗದು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ಬರಿಗಾಲಲ್ಲಿ ನಡೆಯುವವರ ನೆಮ್ಮದಿಯೂ ನಿಜ.

ಆದರೆ ಎಲ್ಲರೂ ಚಪ್ಪಲಿ ಬಿಡಿ ಎಂಬ ಉಪದೇಶ ನಮ್ಮ ಕಡೆ ನಡೆಯದು. ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತ ಹೆಚ್ಚು ಸುಡುತ್ತದೆ. ಜೇವರ್ಗಿಯ ಹೊಲದಲ್ಲಿ ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಕೂಳೆ ಮೊಳೆಯಂತೆ ಚುಚ್ಚುತ್ತದೆ. ಬಿರಿದ ಎರೆನೆಲದಲ್ಲಿ ಹಾವು, ಚೇಳು. ಬಯಲು ಶೌಚದಿಂದ ಕೆಟ್ಟ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮ ಕೊರೆದು ಒಳಸೇರಿ ರಕ್ತಹೀನತೆ ತರುತ್ತವೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗದು. ಗಾಯ ಕೊಳೆತು ಬೆರಳೇ ಹೋಗಬಹುದು.

ಲೇಖಕರು ಮರೆತದ್ದು ಇನ್ನೊಂದಿದೆ. ಮೇಲ್ಜಾತಿಯವರ ಓಣಿಯಲ್ಲಿ ದಲಿತರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಊರಿಗೆಲ್ಲ ಮೆಟ್ಟು ಹೊಲಿದವರೇ ಮೆಟ್ಟುವಂತಿರಲಿಲ್ಲ. 12ನೇ ಶತಮಾನದ ಕಲ್ಯಾಣದ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆ ಹೇಳಿಕೊಳ್ಳುವ ಸೀಮೆ ಇದು. ಇಲ್ಲಿ ಪಾದರಕ್ಷೆ ಬರೀ ತೊಗಲಲ್ಲ, ಮರ್ಯಾದೆ.

ಹುಲ್ಲುಹಾಸಿನ ಮೇಲೆ ಬೆಳಿಗ್ಗೆ ಅರ್ಧ ತಾಸು ಬರಿಗಾಲಲ್ಲಿ ಅಡ್ಡಾಡಿ, ಬೇಡ ಎನ್ನುವುದಿಲ್ಲ. ಆದರೆ ಮನೆಯಲ್ಲಿ ನಾಲ್ಕು ಜೊತೆ ಇರುವವರು ಬಿಟ್ಟರೆ ಅದು ಸುಖ. ಒಂದೂ ಇಲ್ಲದವರದು ಬಡತನ. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿ.