ಬದುವಿಗೆ ಕಡ್ಡಿ ಗೀರುವ ಮುನ್ನ ಅರ್ಧ ಗಂಟೆ ಕೂತು ನೋಡಿ

ಯುಗಾದಿ ಮುಗಿದರೆ ಸಾಕು, ನಮ್ಮ ಬಯಲುಸೀಮೆಯಲ್ಲಿ ಮುಂಗಾರಿಗೆ ಹೊಲ ಹಸನು ಮಾಡುವ ಹೆಸರಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಬೀಳುತ್ತದೆ. ಬೆಂಕಿ ಬೇಡ ಅನ್ನುವವರು ಕಳೆನಾಶಕ ಹೊಡೆಯುತ್ತಾರೆ. ಬದು ಬೋಳಾಗಿದ್ದರೆ ‘ಹೊಲ ನೀಟಾಗಿ ಇಟ್ಟಿದಾನೆ’ ಅಂತ ಊರವರ ಶಹಬ್ಬಾಸ್‌ಗಿರಿ ಬೇರೆ. ನಾನೂ ಹಾಗೇ ಮಾಡ್ತಿದ್ದೆ. ಈಗ ಅದು ನಮಗೇ ನಷ್ಟದ ಲೆಕ್ಕ ಅನಿಸುತ್ತದೆ.

ಯಾಕೆ ಅಂತೀರಾ? ತೊಗರಿ, ಕಡಲೆ ಬೆಳೆದವರಿಗೆ ಗೊತ್ತು. ಕಾಯಿಕೊರಕ ಬಂದಾಗ ಹೊಲದಲ್ಲಿ ಅಲ್ಲಲ್ಲಿ ಕವೆಗೋಲು ನೆಡಿ, ಹಕ್ಕಿ ಕೂತು ಹುಳು ಹೆಕ್ಕುತ್ತವೆ ಅಂತ ಕೃಷಿ ತಜ್ಞರು ಹೇಳುತ್ತಾರೆ. ನಾವು ನೆಡುತ್ತೇವೆ ಕೂಡ. ಆದರೆ ಆ ಹಕ್ಕಿ ಮರಿ ಮಾಡುವ ಬೇಸಿಗೆಯಲ್ಲಿ ಅದರ ಪೊದೆಗೇ ಬೆಂಕಿ ಇಟ್ಟರೆ, ಕೋಲಿನ ಮೇಲೆ ಬಂದು ಕೂರೋರು ಯಾರು?

ಏಪ್ರಿಲ್‌ನಲ್ಲಿ ಮಳೆಯಾಶ್ರಿತ ಹೊಲ ಖಾಲಿ. ಹಕ್ಕಿ, ಚಿಟ್ಟೆಗೆ ಉಳಿಯುವುದು ಬದು, ಬೇಲಿ, ಹಳ್ಳದ ದಡ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅಲ್ಲಿ ಕೂತು ನೋಡಿ. ಬದುವಿನ ಮಣ್ಣಿನ ಗೋಡೆಯಲ್ಲಿ ಕಾಣುವ ಸಣ್ಣ ತೂತು ಇಲಿಯದೇ ಆಗಬೇಕೆಂದಿಲ್ಲ. ಹಸಿರು ಕಳ್ಳಿಪೀರ ಈ ದಿನಗಳಲ್ಲೇ ಮಣ್ಣಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಟಿಟ್ಟಿಭ ನಿಮ್ಮ ತಲೆ ಮೇಲೆ ಕೂಗುತ್ತಾ ಸುತ್ತಿದರೆ, ಹತ್ತಿರದಲ್ಲೇ ಬರೀ ನೆಲದ ಮೇಲೆ ಅದರ ಮೊಟ್ಟೆ ಇರಬಹುದು. ಪೊದೆಯಲ್ಲಿ ಪಿಕಳಾರ, ಹರಟೆಮಲ್ಲ. ತಂತಿ ಮೇಲೆ ಕಾಜಾಣ.

‘ಚಿಟ್ಟೆ ಮೊಟ್ಟೆಯಿಂದ ಬರೋದು ಹುಳು ತಾನೆ, ಬೆಳೆ ತಿನ್ನಲ್ವಾ?’ ಅಂತ ಕೇಳಬಹುದು. ಬದುವಿನ ಎಕ್ಕದ ಮೇಲೆ ಬೆಳೆಯುವ ಪಟ್ಟೆಪಟ್ಟೆ ಹುಳು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ನಿಮ್ಮ ಜೋಳ, ರಾಗಿ ಅದಕ್ಕೆ ಬೇಡ. ತಂಗಡಿ ಗಿಡದ ಹಸಿರು ಹುಳುವೂ ಹಾಗೇ. ನಿಂಬೆ, ಕರಿಬೇವಿನ ಎಲೆ ತಿನ್ನುವ ಚಿಟ್ಟೆಹುಳು ಉಂಟು, ಸುಳ್ಳು ಹೇಳೋದಿಲ್ಲ. ಎಳೆ ಗಿಡವಾದರೆ ಕೈಯಿಂದ ಆರಿಸಿ ತೆಗೆಯಿರಿ, ಮುಗೀತು. ಕಳ್ಳಿಪೀರ ಜೇನನ್ನೂ ಹಿಡಿಯುತ್ತದೆ. ಜೇನುಪೆಟ್ಟಿಗೆ ಇಟ್ಟವರು ಪೆಟ್ಟಿಗೆ ಸ್ವಲ್ಪ ದೂರ ಇಡಿ.

ಎಲ್ಲಾ ಬದುವನ್ನೂ ಕಾಡು ಬಿಡಿ ಅಂತಿಲ್ಲ. ಈ ಸಲ ಒಂದೇ ಒಂದು ಬದು ಬಿಡಿ. ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುಂಚೆ ಕಿತ್ತುಹಾಕಿ. ಎಕ್ಕ, ತಂಗಡಿ, ಹುಲ್ಲು ಇರಲಿ. ಬೇರು ಇದ್ದರೆ ಮೊದಲ ಜೋರು ಮಳೆಗೆ ಬದುವಿನ ಮಣ್ಣೂ ಕೊಚ್ಚಿ ಹೋಗೋದಿಲ್ಲ. ಟಿಟ್ಟಿಭದ ಮೊಟ್ಟೆ ಕಂಡರೆ ಟ್ರ್ಯಾಕ್ಟರ್ ಎರಡು ಮಾರು ಸುತ್ತಿಸಿ ಹೊಡೆಯಿರಿ.

ಕೈಯಲ್ಲಿ ಫೋನ್ ಹೇಗೂ ಇದೆ. ವಾರಕ್ಕೊಮ್ಮೆ ಅದೇ ಜಾಗದಿಂದ ಒಂದು ಫೋಟೊ ತೆಗೆಯಿರಿ, ಕಂಡ ಹಕ್ಕಿಗಳ ಹೆಸರು ಬರೆದಿಡಿ. ಹೆಸರು ಗೊತ್ತಾಗದಿದ್ದರೆ ಕೂಗು ಕೇಳಿ ಗುರುತು ಹೇಳುವ ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಗೂಡಿನ ಹತ್ತಿರ ಮಾತ್ರ ಫೋನ್ ಹಿಡಿದು ಹೋಗಬೇಡಿ. ಹಿಂಗಾರಿನಲ್ಲಿ ಕವೆಗೋಲು ನೆಡುವಾಗ ಆ ಪಟ್ಟಿ ತೆಗೆದು ನೋಡಿ. ನಿಮ್ಮ ಹೊಲದ ಕೂಲಿಯಾಳುಗಳ ಹೆಸರು ಅದರಲ್ಲಿರುತ್ತದೆ.