ಕಾರ್ಟೂನ್ ಎಂಬ ಹೆಸರಿನ ಮರೆಯಲ್ಲಿ

"ಮಗು ಕಾರ್ಟೂನ್ ನೋಡುತ್ತಿದೆ, ನೋಡಲಿ ಬಿಡಿ." ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಮನೆಗಳಲ್ಲಿ ನಿಶ್ಚಿಂತೆಯಿಂದ ಹೇಳಲಾಗುವ ಮಾತಿದು. ಗೆರೆಯಲ್ಲಿ ಚಿತ್ರಿಸಿದ್ದೆಲ್ಲವೂ ಮಕ್ಕಳಿಗಾಗಿಯೇ ಎಂಬ ನಂಬಿಕೆಯೇ ಇದರ ಬುನಾದಿ. ಆ ನಂಬಿಕೆ ಸುಳ್ಳು.

ಅನಿಮೆ ಎಂದು ಕರೆಯಲಾಗುವ ಜಪಾನಿನ ಅನಿಮೇಷನ್‌ನಲ್ಲಿ ವಯಸ್ಕರಿಗಾಗಿಯೇ ತಯಾರಾಗುವ ವಿಭಾಗವೊಂದಿದೆ. ಇದು ನಿನ್ನೆ ಮೊನ್ನೆಯದಲ್ಲ. ಮಕ್ಕಳ ಅಚ್ಚುಮೆಚ್ಚಿನ ಆಸ್ಟ್ರೋ ಬಾಯ್ ಪಾತ್ರದ ಸೃಷ್ಟಿಕರ್ತ ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ಸಂಸ್ಥೆಯೇ 1969ರಲ್ಲಿ ಸಾವಿರದೊಂದು ರಾತ್ರಿಗಳ ಕಥೆಯನ್ನೂ 1970ರಲ್ಲಿ ಕ್ಲಿಯೋಪಾತ್ರಳ ಕಥೆಯನ್ನೂ ವಯಸ್ಕರ ಚಿತ್ರಗಳಾಗಿ ತೆರೆಗೆ ತಂದಿತು. ನಮ್ಮ ಮಕ್ಕಳಿಗೆಲ್ಲ ಪರಿಚಿತನಾದ ಶಿನ್‌ಚಾನ್ 1990ರಲ್ಲಿ ಮೊದಲು ಕಾಣಿಸಿಕೊಂಡದ್ದು ವಯಸ್ಕರ ವಾರಪತ್ರಿಕೆಯಲ್ಲಿ. ಭಾರತದಲ್ಲಿ ಅವನು ಮಕ್ಕಳ ವಾಹಿನಿಗೆ ಬಂದನು. 2008ರಲ್ಲಿ ಪ್ರಸಾರಕ್ಕೆ ತಡೆ ಬಿತ್ತು. ಬಳಿಕ ಕತ್ತರಿ ಪ್ರಯೋಗದೊಂದಿಗೆ ಮರಳಿದನು. ಇಂದು ಮೊಬೈಲ್‌ನಲ್ಲಿ ಆ ಕತ್ತರಿಯೂ ಇಲ್ಲ.

ಮೋಹಿಸುವುದು, ಮರುಳುಗೊಳಿಸುವುದು, ವಶಪಡಿಸಿಕೊಳ್ಳುವುದು: ಇಂತಹ ಅನೇಕ ಚಿತ್ರಗಳ ಕಥಾವಸ್ತು ಇಷ್ಟೇ. ನಾಯಕಿಯರಲ್ಲಿ ಎಷ್ಟೋ ಮಂದಿ ಶಾಲಾ ಸಮವಸ್ತ್ರದಲ್ಲಿರುವ ಬಾಲೆಯರು. 2014ರಲ್ಲಿ ಜಪಾನ್ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೂ ಅಪರಾಧವೆಂದು ಸಾರಿತು. ಆದರೆ ಕಾಮಿಕ್ಸ್ ಮತ್ತು ಅನಿಮೆಯನ್ನು ಆ ಕಾನೂನಿನಿಂದ ಹೊರಗಿಟ್ಟಿತು.

"ಅದು ಕೇವಲ ಚಿತ್ರ, ಅದರಿಂದ ಯಾರಿಗೆ ನೋವು?" ಎಂದು ಕೇಳುವವರಿದ್ದಾರೆ. ಚಿತ್ರಕ್ಕೆ ನೋವಿಲ್ಲ ನಿಜ; ನೋಡುವವನಿಗೆ ಹೃದಯವಿದೆ. ಗೆರೆಯ ಹೆಣ್ಣು ದಣಿಯುವುದಿಲ್ಲ, ಅವಮಾನಗೊಳ್ಳುವುದಿಲ್ಲ. ಅವಳ "ಬೇಡ" ಎಂಬ ಮಾತು ಕಥೆಯಲ್ಲಿ ಬಿಂಕವಾಗಿಬಿಡುತ್ತದೆ. ಹದಿಮೂರರ ಹುಡುಗ ಈ ಪಾಠವನ್ನು ಕಲಿತು ಮರುದಿನ ಬಸ್ಸಿನಲ್ಲಿ ಕಾಣುವುದು ಗೆರೆಯ ಹೆಣ್ಣನ್ನಲ್ಲ, ಯಾರದೋ ಮನೆಯ ಮಗಳನ್ನು.

ನಮ್ಮ ಆಕ್ಷೇಪ ಜಪಾನಿನ ಮೇಲಲ್ಲ. ನರಸಾಪುರದ ಹೋಂಡಾ ಕಾರ್ಖಾನೆ ನಮ್ಮ ಜಿಲ್ಲೆಗೆ ಅನ್ನ ನೀಡಿದೆ. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿಯರ ಹಸಿವನ್ನು ಹೇಳುವ 1988ರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಕೂಡಾ ಅನಿಮೆಯೇ. ಪ್ರಶ್ನೆ ಕಲೆಯದ್ದಲ್ಲ, ಕಲೆ ನೋಡುಗನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದು.

ಪವಿತ್ರ ಕುರ್‌ಆನ್ ಈ ವಿಷಯವನ್ನು ಮುಚ್ಚಿಡುವುದಿಲ್ಲ. ಸೂರಃ ಯೂಸುಫ್‌ನಲ್ಲಿ ಒಬ್ಬಾಕೆ ಬಾಗಿಲುಗಳನ್ನು ಭದ್ರಪಡಿಸಿ ಯುವಕನನ್ನು ಕರೆಯುತ್ತಾಳೆ. ಅವರು ಅಲ್ಲಾಹನ ಅಭಯ ಯಾಚಿಸಿ ಬಾಗಿಲಿನತ್ತ ಧಾವಿಸುತ್ತಾರೆ. ಅಂಗಿ ಹಿಂದಿನಿಂದ ಹರಿಯುತ್ತದೆ. ಕೊನೆಗೆ ಸೆರೆಮನೆಯನ್ನೇ ಲೇಸೆಂದು ಆರಿಸಿಕೊಳ್ಳುತ್ತಾರೆ. ಅಲ್ಲಿ ಕೇಳುಗನು ಓಡುವ ಹಝ್ರತ್ ಯೂಸುಫ್(ಅ)ರ ಜೊತೆಗಿರುತ್ತಾನೆ. ಈ ಚಿತ್ರಗಳು ಅದೇ ಬಾಗಿಲನ್ನು ಮುಚ್ಚಿ, ನೋಡುಗನನ್ನು ಒಳಗೇ ಕೂರಿಸುತ್ತವೆ.

ಇನ್ನೊಂದು ಕಟುಸತ್ಯವನ್ನೂ ಹೇಳಲೇಬೇಕು. ಮಗಳ ದುಪಟ್ಟಾ ಜಾರಿದರೆ ಮನೆಯಲ್ಲಿ ಮಾತಾಗುತ್ತದೆ. ಮಗನ ಮೊಬೈಲ್ ಮಧ್ಯರಾತ್ರಿಯವರೆಗೆ ಹೊದಿಕೆಯೊಳಗೆ ಬೆಳಗಿದರೆ ಯಾರೂ ಕೇಳುವುದಿಲ್ಲ. ಆದರೆ ಸೂರಃ ಅನ್ನೂರ್‌ನಲ್ಲಿ ದೃಷ್ಟಿಯನ್ನು ತಗ್ಗಿಸಬೇಕೆಂಬ ಆಜ್ಞೆ 30ನೇ ವಚನದಲ್ಲಿ ಮೊದಲು ಪುರುಷರಿಗೆ ಬಂದಿದೆ, ಸ್ತ್ರೀಯರಿಗೆ 31ರಲ್ಲಿ. ಈ ಕ್ರಮವನ್ನು ನಾವು ತಿರುವು ಮುರುವು ಮಾಡಿದ್ದೇವೆ.

ಮೊಬೈಲ್ ಒಡೆಯುವುದು, ಮಗನನ್ನು ಹೊಡೆಯುವುದು ಪರಿಹಾರವಲ್ಲ. ಹೊಡೆತ ತಿಂದವನು ಬಚ್ಚಿಡುವುದನ್ನು ಕಲಿಯುತ್ತಾನೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ವೇದಿಕೆಗಳು ವಯೋಮಾನದ ಗುರುತು ಹಾಕಬೇಕು. 13+ ಮತ್ತು ಮೇಲ್ಪಟ್ಟ ಚಿತ್ರಗಳಿಗೆ ಪೋಷಕರ ಲಾಕ್ ಒದಗಿಸಬೇಕು. ಆ ಲಾಕ್ ಹಾಕುವುದನ್ನು ಅಬ್ಬಾ ಅಮ್ಮೀ ಇಬ್ಬರೂ ಕಲಿಯಲಿ. ರಾತ್ರಿ ಮೊಬೈಲ್‌ಗಳೆಲ್ಲ ನಡುಮನೆಯಲ್ಲಿರಲಿ, ತಂದೆಯದ್ದೂ ಸೇರಿ. ಪ್ರಾಯಕ್ಕೆ ಬರುವ ಮಗನೊಡನೆ ತಂದೆ ನಾಚಿಕೆ ಬಿಟ್ಟು ಮಾತನಾಡಲಿ. ತಂದೆ ಮೌನವಾದ ಕಡೆ ಪರದೆಯೇ ಗುರುವಾಗುತ್ತದೆ. ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಜುಮಾ ಪ್ರವಚನದಲ್ಲಿ ಇದನ್ನು ಒಮ್ಮೆಯಾದರೂ ಎತ್ತಿಕೊಳ್ಳಲಿ.

ಪ್ರತಿಯೊಬ್ಬನೂ ಹೊಣೆ ಹೊತ್ತ ಕುರುಬನೆಂದೂ ತನ್ನ ಮಂದೆಯ ಬಗ್ಗೆ ಪ್ರಶ್ನಿಸಲ್ಪಡುವನೆಂದೂ ಪ್ರವಾದಿ(ಸ) ಎಚ್ಚರಿಸಿದ್ದಾರೆ. "ಅದು ಕಾರ್ಟೂನ್ ಎಂದುಕೊಂಡಿದ್ದೆ" ಎಂಬ ಉತ್ತರ ಆ ದಿನ ಸಾಕಾದೀತೇ?